ಕ್ಲೋನ್ ಆಯಿತು ಎನ್ನುವ ಮುನ್ನ: ಓದುಗರ ಪ್ರಶ್ನೆಗಳಿಗೆ ಉತ್ತರ

ಡಿಎನ್‌ಎ ತುಣುಕಿನಿಂದ ಹಿಡಿದು ಕುರಿ, ಬೆಕ್ಕುಗಳವರೆಗೆ ಕ್ಲೋನಿಂಗ್, ಅಂದರೆ ತದ್ರೂಪು ಪ್ರತಿ ಮಾಡುವ ಕೆಲಸದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಲ ಆಯ್ದುಕೊಂಡಿದ್ದೇವೆ. ಒಂದೇ ತೆರನ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ಸುಮಾರು 1 ಕಿಲೋಬೇಸ್ (ಸಾವಿರ ಬೇಸ್, ಅಂದರೆ ಡಿಎನ್‌ಎ ಅಕ್ಷರ) ಉದ್ದದ ಜೀನನ್ನು ಪಿಸಿಆರ್‌ನಲ್ಲಿ (ಡಿಎನ್‌ಎ ತುಣುಕಿನ ಅಸಂಖ್ಯ ನಕಲು ಮಾಡುವ ವಿಧಾನ) ಹೆಚ್ಚಿಸಿ, ಇಕೋಆರ್-1 ಮತ್ತು ಹಿಂಡ್-3 ಕಿಣ್ವಗಳಿಂದ ಕತ್ತರಿಸಿ, ಪಿಯುಸಿ19 ಪ್ಲಾಸ್ಮಿಡ್‌ಗೆ (ಬ್ಯಾಕ್ಟೀರಿಯಾದೊಳಗೆ ನಕಲಾಗುವ ಚಿಕ್ಕ ಡಿಎನ್‌ಎ ಉಂಗುರ) ಜೋಡಿಸುತ್ತಿದ್ದೇನೆ. ಅದನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಆಂಪಿಸಿಲಿನ್ ಇರುವ ಪ್ಲೇಟಿನಲ್ಲಿ ಬೆಳೆಸಿದಾಗ ಒಮ್ಮೆ ಒಂದೂ ಕಾಲನಿ (ಬ್ಯಾಕ್ಟೀರಿಯಾ ಗುಂಪು) ಬರಲಿಲ್ಲ. ಇನ್ನೊಮ್ಮೆ ನೂರಾರು ಬಂದವು, ಆದರೆ ನೋಡಿದವೆಲ್ಲ ಖಾಲಿ ಪ್ಲಾಸ್ಮಿಡ್. ಎಲ್ಲಿ ತಪ್ಪುತ್ತಿದೆ?

ಉತ್ತರ: ಇವು ಎರಡು ಬೇರೆ ಬೇರೆ ತಪ್ಪುಗಳು. ಎರಡಕ್ಕೂ ಒಂದೇ ಮದ್ದು ಹುಡುಕಬೇಡಿ. ನಿಮ್ಮ ಪತ್ರದಲ್ಲಿ ಕಂಟ್ರೋಲ್ (ಹೋಲಿಕೆಯ) ಪ್ಲೇಟುಗಳ ಮಾತೇ ಇಲ್ಲ. ಅವಿಲ್ಲದೆ ಯಾರು ಏನು ಹೇಳಿದರೂ ಊಹೆಯೇ. ಮುಂದಿನ ಸಲ ಪ್ರಯೋಗದ ಪ್ಲೇಟಿನ ಜೊತೆಗೆ ಇನ್ನೂ ನಾಲ್ಕು ಪ್ಲೇಟು ಹಾಕಿ. ಒಂದರಲ್ಲಿ ಡಿಎನ್‌ಎ ಹಾಕದ ಬ್ಯಾಕ್ಟೀರಿಯಾ ಮಾತ್ರ: ಇಲ್ಲಿ ಏನಾದರೂ ಬೆಳೆದರೆ, ಪ್ಲಾಸ್ಮಿಡ್ ಇಲ್ಲದ ಕೋಶಗಳನ್ನು ತಡೆಯಬೇಕಾದ ಆಂಪಿಸಿಲಿನ್ ಕೆಲಸ ಮಾಡುತ್ತಿಲ್ಲ. ಎರಡನೆಯದರಲ್ಲಿ ಕತ್ತರಿಸದ ಪಿಯುಸಿ19, ಬರೀ 100 ಪಿಕೋಗ್ರಾಂ: ಇದು ನಿಮ್ಮ ಕಾಂಪಿಟೆಂಟ್ ಕೋಶಗಳ (ಡಿಎನ್‌ಎ ಒಳಗೆಳೆದುಕೊಳ್ಳುವಂತೆ ಸಿದ್ಧಪಡಿಸಿದ ಬ್ಯಾಕ್ಟೀರಿಯಾ) ಯೋಗ್ಯತೆ ಹೇಳುತ್ತದೆ. ಮೂರನೆಯದರಲ್ಲಿ ಕತ್ತರಿಸಿದ ವೆಕ್ಟರ್ (ಜೀನನ್ನು ಹೊರುವ ಪ್ಲಾಸ್ಮಿಡ್), ತುದಿಗಳನ್ನು ಬೆಸೆಯುವ ಲೈಗೇಸ್ ಕಿಣ್ವ ಇಲ್ಲದೆ: ಇಲ್ಲಿ ಬಂದದ್ದೆಲ್ಲ ಕತ್ತರಿಯಿಂದ ತಪ್ಪಿಸಿಕೊಂಡ ಪ್ಲಾಸ್ಮಿಡ್. ನಾಲ್ಕನೆಯದರಲ್ಲಿ ಕತ್ತರಿಸಿದ ವೆಕ್ಟರ್‌ಗೆ ಲೈಗೇಸ್ ಸೇರಿಸಿ, ಇನ್ಸರ್ಟ್ (ಸೇರಿಸಬೇಕಾದ ಜೀನು) ಮಾತ್ರ ಬಿಡಿ: ಮೂರನೆಯದಕ್ಕಿಂತ ಇಲ್ಲಿ ಎಷ್ಟು ಹೆಚ್ಚು ಬಂತೋ ಅಷ್ಟು ವೆಕ್ಟರ್ ತನಗೆ ತಾನೇ ಮುಚ್ಚಿಕೊಂಡಿದೆ.

ಮೊದಲು ಕಾಲನಿಯೇ ಬಾರದ ಸಂಗತಿ. ಎರಡನೆಯ ಪ್ಲೇಟಿನ ಲೆಕ್ಕ ಸುಲಭ: 100 ಪಿಕೋಗ್ರಾಂನಿಂದ ಒಟ್ಟು 100 ಕಾಲನಿ ಬಂದರೆ ಒಂದು ಮೈಕ್ರೋಗ್ರಾಂಗೆ 10 ಲಕ್ಷ ಎಂದಾಯಿತು. ಇಡೀ ಪ್ಲಾಸ್ಮಿಡ್ ಒಳಸೇರಿಸಲು ಇದು ಸಾಕು, ಲೈಗೇಶನ್‌ಗೆ (ಲೈಗೇಸ್‌ನಿಂದ ಬೆಸೆದ ಡಿಎನ್‌ಎಗೆ) ಸಾಲದು. ಕನಿಷ್ಠ ಒಂದು ಕೋಟಿ ಇರಲಿ. ಕೋಶಗಳನ್ನು ಐಸ್ ಮೇಲೇ ಕರಗಿಸಿ, ವೋರ್ಟೆಕ್ಸ್ ಯಂತ್ರದಲ್ಲಿ ಜೋರಾಗಿ ಅಲುಗಾಡಿಸಬೇಡಿ. 50 ಮೈಕ್ರೋಲೀಟರ್ ಕೋಶಕ್ಕೆ ಲೈಗೇಶನ್ ಮಿಶ್ರಣ 5 ಮೈಕ್ರೋಲೀಟರ್ ಮೀರದಿರಲಿ. ಅದರಲ್ಲಿರುವ ಲವಣ ಮತ್ತು ಕಿಣ್ವ ಟ್ರಾನ್ಸ್‌ಫರ್ಮೇಶನ್ ಅನ್ನು, ಅಂದರೆ ಡಿಎನ್‌ಎ ಕೋಶದೊಳಕ್ಕೆ ಹೋಗುವುದನ್ನು, ಕುಗ್ಗಿಸುತ್ತವೆ. ಐಸ್ ಮೇಲೆ 30 ನಿಮಿಷ, 42 ಡಿಗ್ರಿಯಲ್ಲಿ 30ರಿಂದ 45 ಸೆಕೆಂಡು, ಮತ್ತೆ ಐಸ್ ಮೇಲೆ 2 ನಿಮಿಷ, ಆಮೇಲೆ ಎಸ್‌ಒಸಿ ಎಂಬ ಪೋಷಕ ಮಾಧ್ಯಮದಲ್ಲಿ 37 ಡಿಗ್ರಿಯಲ್ಲಿ ಒಂದು ಗಂಟೆ ಅಲುಗಾಡಿಸುತ್ತಾ ಇಡಿ.

ಕೋಶಗಳು ಚೆನ್ನಾಗಿದ್ದೂ ಕಾಲನಿ ಬರದಿದ್ದರೆ ಲೈಗೇಶನ್ ಮೇಲೆ ಕಣ್ಣಿಡಿ. ಟಿ4 ಲೈಗೇಸ್‌ಗೆ ಎಟಿಪಿ (ಶಕ್ತಿ ಕೊಡುವ ಅಣು) ಬೇಕು, ಅದು ಬಫರ್‌ನಲ್ಲೇ ಇರುತ್ತದೆ. ಬಫರನ್ನು ಹತ್ತಾರು ಸಲ ಹೊರತೆಗೆದು ಕರಗಿಸಿ ಮತ್ತೆ ಹೆಪ್ಪುಗಟ್ಟಿಸಿದರೆ ಎಟಿಪಿ ಹಾಳಾಗುತ್ತದೆ. ಬಫರ್ ಬಂದ ದಿನವೇ 10 ಮೈಕ್ರೋಲೀಟರ್‌ನಂತೆ ಸಣ್ಣ ಟ್ಯೂಬುಗಳಿಗೆ ಹಂಚಿಡಿ. ಇನ್ಸರ್ಟ್ ಮತ್ತು ವೆಕ್ಟರ್ ಅನ್ನು ತೂಕದಲ್ಲಲ್ಲ, ಅಣುಗಳ ಸಂಖ್ಯೆಯಲ್ಲಿ 3:1 ಇಡಿ. ಪಿಯುಸಿ19 ಉದ್ದ 2,686 ಬೇಸ್ ಜೋಡಿ, ಅಂದರೆ ಸುಮಾರು 2.7 ಕಿಲೋಬೇಸ್. 50 ನ್ಯಾನೋಗ್ರಾಂ ವೆಕ್ಟರ್ ತೆಗೆದುಕೊಂಡರೆ, 50ನ್ನು 2.7ರಿಂದ ಭಾಗಿಸಿ 3ರಿಂದ ಗುಣಿಸಿ: ನಿಮ್ಮ 1 ಕಿಲೋಬೇಸ್ ಇನ್ಸರ್ಟ್ ಸುಮಾರು 55 ನ್ಯಾನೋಗ್ರಾಂ ಬೇಕು. ಒಟ್ಟು 20 ಮೈಕ್ರೋಲೀಟರ್, 16 ಡಿಗ್ರಿಯಲ್ಲಿ ಒಂದು ರಾತ್ರಿ.

ಆದರೆ ಇಂಥ ಪತ್ರಗಳಲ್ಲಿ ನಮಗೆ ಮೊದಲು ಅನುಮಾನ ಬರುವುದು ಪ್ರೈಮರ್ (ಪಿಸಿಆರ್‌ನಲ್ಲಿ ನಕಲು ಶುರುಮಾಡಿಸುವ ಚಿಕ್ಕ ಡಿಎನ್‌ಎ ತುಂಡು) ಮೇಲೆ. ಇಕೋಆರ್-1 ಗುರುತಿಸುವ ಜಿಎಎಟಿಟಿಸಿ ಪ್ರೈಮರಿನ ತುತ್ತತುದಿಯಲ್ಲೇ ಇದ್ದರೆ ಕಿಣ್ವಕ್ಕೆ ಹಿಡಿದು ನಿಲ್ಲಲು ಜಾಗವಿಲ್ಲ, ಕತ್ತರಿಸುವುದೇ ಇಲ್ಲ. ಆ ಜಾಗದ ಹೊರಗೆ 6 ಬೇಸ್ ಹೆಚ್ಚುವರಿ ಇರಲಿ, ಯಾವುದಾದರೂ ಆದೀತು. ಸಿಟ್ಟು ಬರಿಸುವ ಸಂಗತಿಯೆಂದರೆ, ಕತ್ತರಿಸಿದ ಮತ್ತು ಕತ್ತರಿಸದ ಪಿಸಿಆರ್ ತುಣುಕು, ಡಿಎನ್‌ಎಯನ್ನು ಉದ್ದದಂತೆ ಬೇರ್ಪಡಿಸುವ ಜೆಲ್‌ನಲ್ಲಿ ಒಂದೇ ಥರ ಕಾಣುತ್ತವೆ. ಹತ್ತು ಬೇಸ್ ವ್ಯತ್ಯಾಸ ಕಣ್ಣಿಗೆ ಬೀಳದು. ಇನ್ನೊಂದು: ಪಿಸಿಆರ್ ಮಿಶ್ರಣವನ್ನು ಶುದ್ಧಗೊಳಿಸದೆ ನೇರ ಕತ್ತರಿಸಿದರೆ, ಅದರಲ್ಲೇ ಉಳಿದ ಪಾಲಿಮರೇಸ್ (ಡಿಎನ್‌ಎ ನಕಲು ಮಾಡುವ ಕಿಣ್ವ) ಮತ್ತು ಬಿಡಿ ನ್ಯೂಕ್ಲಿಯೋಟೈಡುಗಳು ಹೊಸದಾಗಿ ಹುಟ್ಟಿದ ಅಂಟುತುದಿಗಳನ್ನು ತುಂಬಿ ಮೊಂಡು ಮಾಡಿಬಿಡುತ್ತವೆ. ಕಾಲಮ್‌ನಲ್ಲಿ ಶುದ್ಧಮಾಡಿದ ಮೇಲೇ ಕತ್ತರಿಸಿ. ಜೆಲ್ ತುಂಡು ಕೊಯ್ಯುವಾಗ 302 ನ್ಯಾನೋಮೀಟರ್ ಯುವಿ ಬೆಳಕಿನಡಿ ನಿಧಾನವಾಗಿ ಕೂತು ಕೊಯ್ದರೆ ಡಿಎನ್‌ಎ ಗಾಯಗೊಳ್ಳುತ್ತದೆ. 365 ನ್ಯಾನೋಮೀಟರ್‌ನಲ್ಲಿ ಕೆಲವೇ ಸೆಕೆಂಡು, ಇಲ್ಲವೇ ನೀಲಿ ಬೆಳಕು.

ಇನ್ನು ನೂರಾರು ಖಾಲಿ ಕಾಲನಿಗಳು. ಪಿಯುಸಿ19ರಲ್ಲಿ ನಿಮ್ಮ ಎರಡೂ ಕಿಣ್ವಗಳ ಜಾಗ ಸುಮಾರು 50 ಬೇಸ್ ಅಂತರದಲ್ಲಿವೆ. ಎರಡೂ ಕಡೆ ಕತ್ತರಿ ಬಿದ್ದರೆ ತುದಿಗಳು ಒಂದಕ್ಕೊಂದು ಹೊಂದುವುದಿಲ್ಲ, ವೆಕ್ಟರ್ ತಾನೇ ಮುಚ್ಚಿಕೊಳ್ಳಲಾರದು. ಹಾಗಾಗಿ ಖಾಲಿ ಬಂದಿವೆ ಎಂದರೆ ಒಂದೋ ಒಂದು ಕಿಣ್ವ ಸರಿಯಾಗಿ ಕತ್ತರಿಸಿಲ್ಲ, ಅಥವಾ ಆ 50 ಬೇಸ್‌ನ ಚೂರು ಮಿಶ್ರಣದಲ್ಲೇ ಉಳಿದು ಮತ್ತೆ ತನ್ನ ಜಾಗಕ್ಕೇ ಹೋಗಿ ಕೂತಿದೆ. ಜೆಲ್‌ನಲ್ಲಿ ವೆಕ್ಟರ್ ಬೇರ್ಪಡಿಸಿದರೆ ಚೂರಿನ ಕಾಟ ತಪ್ಪುತ್ತದೆ. ಎರಡೂ ಕಿಣ್ವಕ್ಕೆ ಒಗ್ಗುವ ಬಫರ್ ಬಳಸಿ; ಕಿಣ್ವದ ಪ್ರಮಾಣ ಒಟ್ಟು ಮಿಶ್ರಣದ ಹತ್ತನೇ ಒಂದು ಭಾಗ ದಾಟದಿರಲಿ, ದಾಟಿದರೆ ಅದರ ಗ್ಲಿಸರಾಲ್‌ನಿಂದಾಗಿ ಇಕೋಆರ್-1 ಕತ್ತರಿಸಬಾರದ ಕಡೆಯೂ ಕತ್ತರಿಸತೊಡಗುತ್ತದೆ. ಕತ್ತರಿಸದ ಪ್ಲಾಸ್ಮಿಡ್ ನೂರಕ್ಕೆ ಒಂದು ಪಾಲು ಉಳಿದರೂ ಸಾಕು, ಅದು ಕೋಶದೊಳಕ್ಕೆ ಸಲೀಸಾಗಿ ಹೋಗುವುದರಿಂದ ನಿಮ್ಮ ಪ್ಲೇಟನ್ನು ತುಂಬಿಬಿಡುತ್ತದೆ.

ಸರಿಯಾದ ಕಾಲನಿ ಸಿಕ್ಕಿತೆಂದು ತೋರಿದಾಗಲೂ ಆತುರ ಬೇಡ. ಕಾಲನಿ ಪಿಸಿಆರ್‌ಗೆ ಒಂದು ಪ್ರೈಮರ್ ವೆಕ್ಟರ್‌ನದು, ಇನ್ನೊಂದು ಇನ್ಸರ್ಟ್‌ನದು ಇರಬೇಕು. ಎರಡೂ ಇನ್ಸರ್ಟ್‌ನವೇ ಆದರೆ ಪ್ಲೇಟಿನ ಮೇಲೆ ಬಳಿದುಕೊಂಡಿರುವ ಬಿಡಿ ಡಿಎನ್‌ಎಯಿಂದಲೇ ಎಲ್ಲ ಕಾಲನಿಯೂ ಪಾಸ್ ಆಗುತ್ತವೆ. ಕೊನೆಗೆ ಎರಡೂ ತುದಿಯಿಂದ ಸೀಕ್ವೆನ್ಸಿಂಗ್ (ಡಿಎನ್‌ಎ ಅಕ್ಷರಗಳನ್ನು ಓದುವುದು) ಮಾಡಿಸಲೇಬೇಕು. ಟ್ಯಾಕ್ ಪಾಲಿಮರೇಸ್‌ಗೆ ತಪ್ಪು ತಿದ್ದುವ ಗುಣವಿಲ್ಲ. 30 ಸುತ್ತಿನ ನಂತರ ಸಾಕಷ್ಟು ಪ್ರತಿಗಳಲ್ಲಿ ಒಂದಾದರೂ ಅಕ್ಷರ ಬದಲಾಗಿರುತ್ತದೆ, ನೀವು ಆರಿಸಿದ ಕಾಲನಿ ಅಂಥ ಒಂದೇ ಪ್ರತಿಯಿಂದ ಬೆಳೆದಿರಬಹುದು.

ಪ್ರಶ್ನೆ: ದೊಡ್ಡ ಕಾಲನಿಯ ಸುತ್ತ ಸಾಸಿವೆಗಿಂತ ಸಣ್ಣ ಕಾಲನಿಗಳು ಮುತ್ತಿಕೊಳ್ಳುತ್ತವೆ. ಅವನ್ನೂ ಆರಿಸಬಹುದೇ?

ಉತ್ತರ: ಬೇಡ, ಅವುಗಳಲ್ಲಿ ಪ್ಲಾಸ್ಮಿಡ್ಡೇ ಇಲ್ಲ. ದೊಡ್ಡ ಕಾಲನಿ ಹೊರಸೂಸುವ ಬೀಟಾ-ಲ್ಯಾಕ್ಟಮೇಸ್ ಕಿಣ್ವ ಸುತ್ತಲಿನ ಆಂಪಿಸಿಲಿನ್ ಅನ್ನು ಒಡೆದುಹಾಕಿದ ಮೇಲೆ, ಆ ನೆರಳಿನಲ್ಲಿ ಬೆಳೆದವು ಅವು. ಪ್ಲೇಟನ್ನು 16 ಗಂಟೆಗಿಂತ ಹೆಚ್ಚು 37 ಡಿಗ್ರಿಯಲ್ಲಿ ಬಿಡಬೇಡಿ. ಅಗಾರ್ 50 ಡಿಗ್ರಿಯ ಆಸುಪಾಸಿಗೆ ಆರಿದ ಮೇಲೇ ಆಂಪಿಸಿಲಿನ್ ಹಾಕಿ, ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂ. ಆದರೂ ಕಾಡಿದರೆ ಅಷ್ಟು ಬೇಗ ಕೆಡದ ಕಾರ್ಬೆನಿಸಿಲಿನ್‌ಗೆ ಬದಲಾಯಿಸಿ.

ಪ್ರಶ್ನೆ: ನೀಲಿ-ಬಿಳಿ ಆಯ್ಕೆಯಲ್ಲಿ ಬಿಳಿ ಬಂದರೆ ಇನ್ಸರ್ಟ್ ಇದೆ ಎಂದೇ ಅರ್ಥವಲ್ಲವೇ?

ಉತ್ತರ: ಕಾಲನಿಗೆ ನೀಲಿ ಬಣ್ಣ ತರಿಸುವ, ಪ್ಲಾಸ್ಮಿಡ್‌ನ ಲ್ಯಾಕ್-ಝಡ್ ಜೀನು ಕೆಟ್ಟಿದೆ ಎಂದಷ್ಟೇ ಅರ್ಥ. ತುದಿಯಲ್ಲಿ ಒಂದೆರಡು ಬೇಸ್ ಸವೆದು ಮುಚ್ಚಿಕೊಂಡ ಖಾಲಿ ವೆಕ್ಟರ್ ಕೂಡ ಬಿಳಿಯೇ. ಮೂರರ ಗುಣಕದಲ್ಲಿರುವ ಚಿಕ್ಕ ಇನ್ಸರ್ಟ್ ಕೆಲವೊಮ್ಮೆ ತಿಳಿನೀಲಿ ಕೊಡುತ್ತದೆ, ಅದನ್ನು ಎಸೆಯಬೇಡಿ. ಎಲ್ಲವೂ ನೀಲಿಯಾದರೆ ಬ್ಯಾಕ್ಟೀರಿಯಾ ತಳಿ ನೋಡಿ: ಡಿಎಚ್5-ಆಲ್ಫಾದಂತೆ ಲ್ಯಾಕ್-ಝಡ್‌ನ ಒಂದು ತುಣುಕು ಇಲ್ಲದ ತಳಿಯೇ ಬೇಕು.

ಪ್ರಶ್ನೆ: ಜೀನ್ ತಿದ್ದಿದ ಮಾನವ ಕೋಶಗಳಿಂದ ಒಂದೇ ಕೋಶದ ಕ್ಲೋನ್ ಪಡೆಯಲು 96 ವೆಲ್‌ಗಳ (ಪುಟ್ಟ ಗುಳಿಗಳ) ಪ್ಲೇಟಿನಲ್ಲಿ ವೆಲ್‌ಗೆ ಒಂದು ಕೋಶದಂತೆ ಹಾಕಿದೆ. 60 ವೆಲ್ ಬೆಳೆದವು. ಆದರೆ ಸೀಕ್ವೆನ್ಸಿಂಗ್‌ನಲ್ಲಿ ಹಲವು ಕಲಬೆರಕೆ. ಒಂದೇ ಕೋಶ ಹಾಕಿದ ಮೇಲೆ ಕಲಬೆರಕೆ ಹೇಗೆ?

ಉತ್ತರ: ನೀವು ಹಾಕಿದ್ದು ಸರಾಸರಿ ಒಂದು, ಪ್ರತಿ ವೆಲ್‌ಗೂ ಒಂದೊಂದಲ್ಲ. ಕೋಶಗಳು ಪಾಯ್ಸನ್ ಹಂಚಿಕೆ ಎಂಬ ಸಂಭವನೀಯತೆಯ ನಿಯಮದಂತೆ ಬೀಳುತ್ತವೆ. ಸರಾಸರಿ 1 ಆದಾಗ ಶೇ 37 ವೆಲ್ ಖಾಲಿ, ಶೇ 37ರಲ್ಲಿ ಒಂದು ಕೋಶ, ಉಳಿದ ಶೇ 26ರಲ್ಲಿ ಎರಡು ಅಥವಾ ಹೆಚ್ಚು. ಅಂದರೆ ಬೆಳೆದ ವೆಲ್‌ಗಳಲ್ಲಿ ಶೇ 58 ಮಾತ್ರ ನಿಜವಾದ ಕ್ಲೋನ್. ನಿಮ್ಮ 60 ಈ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ನಿಮ್ಮ ಕೈಯಲ್ಲಿ ತಪ್ಪಿಲ್ಲ, ವಿಧಾನದ ಮಿತಿಯೇ ಅದು. ಸರಾಸರಿಯನ್ನು 0.5ಕ್ಕೆ ಇಳಿಸಿದರೆ ಶೇ 61 ಖಾಲಿ ಹೋಗುತ್ತವೆ, ಆದರೆ ಬೆಳೆದವುಗಳಲ್ಲಿ ಶೇ 77 ಕ್ಲೋನ್. ಖಾಲಿ ವೆಲ್‌ಗಳನ್ನು ನೋಡಿ ನಷ್ಟವೆಂದುಕೊಳ್ಳಬೇಡಿ. ತುಂಬಿದ ಪ್ಲೇಟೇ ಇಲ್ಲಿ ಕೆಟ್ಟ ಸುದ್ದಿ.

0.5ಕ್ಕೆ ಇಳಿಯುವ ದಾರಿ ಹೀಗೆ. ಮಿಲಿಲೀಟರ್‌ಗೆ 1 ಲಕ್ಷ ಜೀವಂತ ಕೋಶಗಳಿಂದ ಶುರುಮಾಡಿ, 100 ಪಟ್ಟು ತೆಳುಮಾಡಿದರೆ 1,000. ಅದನ್ನು 20 ಪಟ್ಟು ತೆಳುಮಾಡಿದರೆ 50. ಮತ್ತೆ 10 ಪಟ್ಟು, ಮಿಲಿಲೀಟರ್‌ಗೆ 5 ಕೋಶ. ವೆಲ್‌ಗೆ 100 ಮೈಕ್ರೋಲೀಟರ್ ಹಾಕಿ. ಒಂದೇ ಏಟಿಗೆ 20,000 ಪಟ್ಟು ತೆಳುಮಾಡಹೊರಟರೆ ಪಿಪೆಟ್‌ನ ಚಿಕ್ಕ ತಪ್ಪೂ ಲೆಕ್ಕ ಕೆಡಿಸುತ್ತದೆ. ಪ್ರತಿ ಹಂತದಲ್ಲೂ ಟ್ಯೂಬನ್ನು ತಿರುವಿ ಬೆರೆಸಿ, ಕೋಶಗಳು ತಳಕ್ಕೆ ಕೂರುವುದು ಬೇಗ. ಕೋಶಗಳನ್ನು ಬಿಡಿಸುವ ಟ್ರಿಪ್ಸಿನ್ ಕಿಣ್ವ ಹಾಕಿದ ಮೇಲೂ ಜೋಡಿ ಬಿಡದ ಕೋಶಗಳು ಒಂದಾಗಿ ಎಣಿಕೆಗೆ ಸಿಕ್ಕಿ ಮೋಸ ಮಾಡುತ್ತವೆ. 40 ಮೈಕ್ರಾನ್ ಜರಡಿಯಲ್ಲಿ ಸೋಸಿ.

ಒಂಟಿ ಕೋಶ ನೆರೆಹೊರೆಯಿಲ್ಲದೆ ಸಾಯುವುದುಂಟು. ಅದೇ ಕೋಶಗಳು ಚೆನ್ನಾಗಿ ಬೆಳೆಯುತ್ತಿದ್ದ ಪಾತ್ರೆಯ ಹಳೆಯ ಮಾಧ್ಯಮವನ್ನು 0.22 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಹೊಸದರ ಜೊತೆ ಅರ್ಧಕ್ಕರ್ಧ ಸೇರಿಸಿದರೆ ಬದುಕುಳಿಯುವ ಪ್ರಮಾಣ ಏರುತ್ತದೆ. 1955ರಲ್ಲಿ ವಿಜ್ಞಾನಿಗಳಾದ ಪಕ್ ಮತ್ತು ಮಾರ್ಕಸ್ ಅವರು ಹೀಲಾ ಎಂಬ ಮಾನವ ಕ್ಯಾನ್ಸರ್ ಕೋಶಗಳನ್ನು ಒಂದೊಂದಾಗಿ ಬೆಳೆಸಿದ್ದೂ ವಿಕಿರಣದಿಂದ ವಿಭಜನೆ ನಿಲ್ಲಿಸಿದ ಪೋಷಕ ಕೋಶಗಳ ಹಾಸಿನ ಸಹಾಯದಿಂದಲೇ. ಅಂಚಿನ ವೆಲ್‌ಗಳು ಬೇಗ ಒಣಗುತ್ತವೆ, ಅಲ್ಲಿ ಕೋಶದ ಬದಲು ಬರೀ ಬಫರ್ ತುಂಬಿ. ಹಾಕಿದ ದಿನವೇ ಪ್ರತಿ ವೆಲ್‌ನ ಫೋಟೊ ತೆಗೆದಿಡಿ. ಎರಡು ವಾರ ಆದಮೇಲೆ ದುಂಡಗಿನ ಒಂದೇ ಗುಂಪು ಕಂಡಿತೆಂದು ಅದು ಒಂದೇ ಕೋಶದ್ದೆಂದು ಹೇಳಲಾಗದು, ಪಕ್ಕಪಕ್ಕ ಬಿದ್ದ ಎರಡು ಕೋಶಗಳೂ ಅಷ್ಟೇ ದುಂಡಗೆ ಬೆಳೆಯುತ್ತವೆ. ಫೋಟೊ ಇಲ್ಲದಿದ್ದರೆ ಎರಡನೇ ಸುತ್ತು ಕ್ಲೋನಿಂಗ್ ಮಾಡುವುದೊಂದೇ ದಾರಿ.

ಪ್ರಶ್ನೆ: ಡಾಲಿ ಕುರಿಗಾಗಿ 277 ಪ್ರಯತ್ನ ಬೇಕಾಯಿತು ಎನ್ನುತ್ತಾರೆ. ಅಷ್ಟೊಂದು ಸೋಲಲು ಕಾರಣವೇನು? ಅವಳು ಹುಟ್ಟುವಾಗಲೇ ಮುದುಕಿಯಾಗಿದ್ದಳು ಎಂಬುದು ನಿಜವೇ?

ಉತ್ತರ: 277 ಎನ್ನುವುದು ಅಂಡಾಣು ಮತ್ತು ಕೆಚ್ಚಲಿನ ಕೋಶ ಒಂದಾದ ಜೋಡಿಗಳ ಸಂಖ್ಯೆ. ಅವುಗಳಲ್ಲಿ ಗರ್ಭಕ್ಕೆ ಹಾಕಬಹುದಾದ ಹಂತಕ್ಕೆ ಬೆಳೆದ ಭ್ರೂಣಗಳು 29. ಅವನ್ನು 13 ಕುರಿಗಳಿಗೆ ಹಾಕಿದಾಗ ಉಳಿದದ್ದು ಒಂದು ಮರಿ, 1996ರ ಜುಲೈ 5ರಂದು ಸ್ಕಾಟ್ಲೆಂಡಿನ ರೋಸ್ಲಿನ್ ಸಂಸ್ಥೆಯಲ್ಲಿ ಹುಟ್ಟಿತು. 277 ಗರ್ಭ ಕಳೆದುಹೋದವು ಎಂದು ಓದಿಕೊಳ್ಳುವುದು ತಪ್ಪು. ದೊಡ್ಡ ಸೋರಿಕೆ ಆದದ್ದು ಗರ್ಭಕ್ಕೆ ಹೋಗುವ ಮೊದಲೇ.

ಕೆಲಸದ ಕ್ರಮ ಹೇಳಿದರೆ ಸೋಲು ಎಲ್ಲೆಲ್ಲಿ ಎಂಬುದು ತಿಳಿದೀತು. ಅಂಡಾಣುವಿನಿಂದ ಅದರ ವರ್ಣತಂತುಗಳನ್ನು ಸೂಕ್ಷ್ಮ ಗಾಜಿನ ನಳಿಕೆಯಲ್ಲಿ ಹೀರಿ ತೆಗೆಯುತ್ತಾರೆ. ಜೊತೆಗೆ ಹೆಚ್ಚು ಕೋಶರಸ ಹೋದರೆ ಅಂಡಾಣು ಸೊರಗುತ್ತದೆ, ಕಡಿಮೆ ಹೀರಿದರೆ ವರ್ಣತಂತು ಒಳಗೇ ಉಳಿಯುತ್ತದೆ. ದಾನಿ ಕೋಶವನ್ನು ಅಂಡಾಣುವಿನ ಹೊರಚಿಪ್ಪಿನ ಅಡಿಗೆ ತೂರಿಸಿ, ವಿದ್ಯುತ್ ಮಿಡಿತ ಕೊಟ್ಟು ಎರಡನ್ನೂ ಬೆಸೆಯುತ್ತಾರೆ. ವೀರ್ಯಾಣು ಕೊಡಬೇಕಾದ ‘ಶುರುಮಾಡು’ ಎಂಬ ಸೂಚನೆಯನ್ನೂ ಆ ಮಿಡಿತವೇ ಕೊಡಬೇಕು. ಡಾಲಿಯ ತಂಡ ಇಲ್ಲಿ ಮಾಡಿದ ಮುಖ್ಯ ಉಪಾಯವೆಂದರೆ ದಾನಿ ಕೋಶಗಳನ್ನು ಐದು ದಿನ ಶೇ 0.5ರಷ್ಟೇ ಸೀರಮ್ ಇರುವ ಮಾಧ್ಯಮದಲ್ಲಿ ಹಸಿವಿಗೆ ಕೆಡವಿ, ವಿಭಜನೆಯಾಗದ ವಿಶ್ರಾಂತ ಸ್ಥಿತಿಗೆ ತಂದದ್ದು. ಡಿಎನ್‌ಎ ನಕಲಾಗುತ್ತಿರುವ ಕೋಶವನ್ನು ಅಂಡಾಣುವಿಗೆ ಹಾಕಿದರೆ ವರ್ಣತಂತುಗಳು ಚೂರಾಗುತ್ತವೆ.

ಇಷ್ಟೂ ಸರಿಯಾದ ಮೇಲೆ ಉಳಿಯುವ ಅಡ್ಡಿ ದೊಡ್ಡದು. ಕೆಚ್ಚಲಿನ ಕೋಶದಲ್ಲಿ ಸಾವಿರಾರು ಜೀನುಗಳಿಗೆ ಮೀಥೈಲ್ ಗುರುತುಗಳಿಂದ ಬೀಗ ಹಾಕಿರುತ್ತದೆ. ಅಂಡಾಣು ಅವನ್ನು ಕೆಲವೇ ಗಂಟೆಗಳಲ್ಲಿ ಅಳಿಸಬೇಕು, ಬಹಳಷ್ಟು ಸಲ ಅರೆಬರೆ ಅಳಿಸುತ್ತದೆ. ಅದರ ಫಲವೇ ಮಾಸಿನ (ಜರಾಯುವಿನ) ದೋಷ, ಗರ್ಭಪಾತ, ಅತಿಗಾತ್ರದ ಮರಿಗಳು. ಚೀನಾದಲ್ಲಿ 2017ರ ಕೊನೆಗೆ ಹುಟ್ಟಿದ ಕೋತಿಮರಿಗಳ ಪ್ರಯೋಗ ಇದನ್ನು ತೋರಿಸಿಕೊಟ್ಟಿತು. ಬೀಗ ತೆಗೆಯುವ ಕಿಣ್ವದ ಎಂಆರ್‌ಎನ್‌ಎ (ಆ ಕಿಣ್ವ ತಯಾರಿಸುವ ಸೂಚನೆ ಹೊತ್ತ ಅಣು) ಮತ್ತು ಜೀನುಗಳು ತೆರೆದುಕೊಳ್ಳಲು ನೆರವಾಗುವ ಟ್ರೈಕೋಸ್ಟಾಟಿನ್-ಎ ರಾಸಾಯನಿಕ ಎರಡನ್ನೂ ಬಳಸಿ, ಭ್ರೂಣಾವಸ್ಥೆಯ ಚರ್ಮಕೋಶಗಳಿಂದ ಮಾಡಿದ 79 ಭ್ರೂಣಗಳನ್ನು 21 ಬಾಡಿಗೆ ತಾಯಂದಿರಿಗೆ ಹಾಕಿದಾಗ ಎರಡು ಮರಿ ಬದುಕಿದವು. ವಯಸ್ಕ ಕೋತಿಯ ಕೋಶಗಳಿಂದ ಮಾಡಿದ 181 ಭ್ರೂಣಗಳಲ್ಲಿ ಹುಟ್ಟಿದ ಎರಡೂ ಸ್ವಲ್ಪ ಹೊತ್ತಿಗೇ ತೀರಿಕೊಂಡವು.

ಮುದಿತನದ ಮಾತು ಹುಟ್ಟಿದ್ದು ಡಾಲಿಯ ಟೆಲೊಮಿಯರ್‌ಗಳು (ವಯಸ್ಸಾದಂತೆ ಗಿಡ್ಡವಾಗುವ ವರ್ಣತಂತು ತುದಿಗಳು) ಅವಳ ವಯಸ್ಸಿನ ಕುರಿಗಳದ್ದಕ್ಕಿಂತ ಗಿಡ್ಡವಾಗಿದ್ದುದರಿಂದ. ದಾನಿ ಕುರಿಗೆ ಆರು ವರ್ಷವಾಗಿತ್ತು. ಆದರೆ 2003ರ ಫೆಬ್ರುವರಿ 14ರಂದು ಅವಳಿಗೆ ದಯಾಮರಣ ಕೊಟ್ಟದ್ದು ವೈರಸ್‌ನಿಂದ ಬರುವ ಶ್ವಾಸಕೋಶದ ಗೆಡ್ಡೆಗಾಗಿ. ಕ್ಲೋನ್ ಅಲ್ಲದ ಕುರಿಗಳಿಗೂ ಅದು ಬರುತ್ತದೆ. 2016ರಲ್ಲಿ 13 ಕ್ಲೋನ್ ಕುರಿಗಳನ್ನು ಪರೀಕ್ಷಿಸಿದ ವರದಿ ಬಂತು, ಅವುಗಳಲ್ಲಿ ನಾಲ್ಕು ಡಾಲಿ ಹುಟ್ಟಿದ ಕೋಶಗಳಿಂದಲೇ ಬಂದವು. ಏಳರಿಂದ ಒಂಬತ್ತು ವರ್ಷದ ಆ ಕುರಿಗಳು ವಯಸ್ಸಿಗೆ ತಕ್ಕಂತೆ ಆರೋಗ್ಯವಾಗಿಯೇ ಇದ್ದವು. ಹುಟ್ಟುಮುದಿತನದ ವಾದಕ್ಕೆ ಅಲ್ಲಿಂದಾಚೆಗೆ ಹೆಚ್ಚು ಬಲ ಉಳಿದಿಲ್ಲ.

ಪ್ರಶ್ನೆ: ಸತ್ತ ಬೆಕ್ಕನ್ನು ಕ್ಲೋನ್ ಮಾಡಿದರೆ ಅದೇ ಬಣ್ಣ, ಅದೇ ಸ್ವಭಾವ ಬರುತ್ತದೆಯೇ?

ಉತ್ತರ: ಬಣ್ಣದ ಭರವಸೆಯೂ ಇಲ್ಲ. 2001ರ ಡಿಸೆಂಬರ್ 22ರಂದು ಹುಟ್ಟಿದ ಮೊದಲ ಕ್ಲೋನ್ ಬೆಕ್ಕು ಸಿಸಿಯ ದಾನಿ ತ್ರಿವರ್ಣದ್ದು: ಬಿಳಿ, ಕಪ್ಪು, ಕಿತ್ತಳೆ. ಸಿಸಿಗೆ ಕಿತ್ತಳೆಯೇ ಇರಲಿಲ್ಲ. ಕಿತ್ತಳೆ ಬಣ್ಣದ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಹೆಣ್ಣು ಬೆಕ್ಕಿನ ಪ್ರತಿ ಕೋಶವೂ ಎರಡು ಎಕ್ಸ್‌ಗಳಲ್ಲಿ ಒಂದನ್ನು ಮುಚ್ಚಿಡುತ್ತದೆ. ಕಿತ್ತಳೆಯ ಎಕ್ಸ್ ಮುಚ್ಚಿದ್ದ ಕೋಶವೇ ದಾನಿಯಾಯಿತು, ಆ ಬೀಗ ಕ್ಲೋನ್‌ನಲ್ಲೂ ತೆರೆಯಲಿಲ್ಲ. ಬಿಳಿ ಮಚ್ಚೆಗಳ ಜಾಗವಂತೂ ಗರ್ಭದಲ್ಲಿ ಬಣ್ಣದ ಕೋಶಗಳು ಹೇಗೆ ಹರಡಿದವು ಎಂಬುದರ ಮೇಲೆ ನಿಂತಿದೆ. ಇನ್ನು ನೆನಪು, ಒಡನಾಟ? ಅವು ಚರ್ಮದ ಕೋಶದಲ್ಲಿಲ್ಲ.

ಪ್ರಶ್ನೆ: ಟಿಶ್ಯೂ ಕಲ್ಚರ್ (ಗಿಡದ ತುಂಡಿನಿಂದ ಮರಿ ಬೆಳೆಸುವ) ಬಾಟಲಿಗಳಲ್ಲಿ ಕೆಲವು ನಾಲ್ಕನೇ ದಿನವೇ ಬೂಷ್ಟು ಹಿಡಿಯುತ್ತವೆ, ಕೆಲವು ಮೂರು ವಾರ ಚೆನ್ನಾಗಿದ್ದು ಆಮೇಲೆ ಕೆಡುತ್ತವೆ. ಜೊತೆಗೆ, ಎಲೆಯಂಚಿನಲ್ಲಿ ಹಳದಿ ಪಟ್ಟಿಯಿದ್ದ ಗಿಡದ ಮರಿಗಳೆಲ್ಲ ಬರೀ ಹಸಿರಾದವು. ಕ್ಲೋನ್ ಎಂದರೆ ಒಂದೇ ಥರ ಇರಬೇಕಲ್ಲವೇ?

ಉತ್ತರ: ನಾಲ್ಕನೇ ದಿನದ ಬೂಷ್ಟು ಹೊರಗಿನದು: ಮೇಲ್ಮೈ ಶುದ್ಧಿ ಸಾಲದು, ಅಥವಾ ಗಾಳಿಪೆಟ್ಟಿಗೆಯಲ್ಲಿ ಕೈ ಬಾಟಲಿಯ ಬಾಯಿ ಮೇಲೆ ಹಾದಿದೆ. ತುಂಡನ್ನು ಹರಿಯುವ ನೀರಿನಲ್ಲಿ ತೊಳೆದು, ಶೇ 70ರ ಆಲ್ಕೋಹಾಲ್‌ನಲ್ಲಿ 30 ಸೆಕೆಂಡು, ಒಂದೆರಡು ಹನಿ ಟ್ವೀನ್-20 (ಸಾಬೂನಿನಂಥ ದ್ರವ) ಸೇರಿಸಿದ ಶೇ 1ರ ಸೋಡಿಯಂ ಹೈಪೋಕ್ಲೋರೈಟ್‌ನಲ್ಲಿ (ಬ್ಲೀಚ್) 10ರಿಂದ 15 ನಿಮಿಷ ಇಟ್ಟು, ಕ್ರಿಮಿರಹಿತ ನೀರಿನಲ್ಲಿ ಮೂರು ಸಲ ಜಾಲಿಸಿ. ಟ್ವೀನ್ ಇಲ್ಲದಿದ್ದರೆ ಎಲೆಯ ಮೇಣದ ಮೇಲೆ ಗಾಳಿಗುಳ್ಳೆ ಕೂತು ಅದರಡಿಯ ಬೂಷ್ಟು ಬದುಕಿಕೊಳ್ಳುತ್ತದೆ. ಮೂರು ವಾರದ ನಂತರ ತುಂಡಿನ ಬುಡದಿಂದ ಮಂಜಿನಂತೆ ಹರಡುವುದು ಗಿಡದೊಳಗೇ ಇದ್ದ ಬ್ಯಾಕ್ಟೀರಿಯಾ. ಬ್ಲೀಚ್ ಎಷ್ಟು ಹೊತ್ತು ಇಟ್ಟರೂ ಅದು ಸಾಯದು, ಗಿಡ ಸಾಯುತ್ತದೆ. ಒಂದು ಮಿಲಿಮೀಟರ್‌ಗಿಂತ ಚಿಕ್ಕ ಕುಡಿತುದಿ ತೆಗೆದು ಹೊಸದಾಗಿ ಶುರುಮಾಡಿ.

ಮಾಧ್ಯಮದ ಬಗ್ಗೆ ಒಂದೇ ಮಾತು: 1962ರಿಂದ ಚಾಲ್ತಿಯಲ್ಲಿರುವ ಮುರಾಶಿಗೆ-ಸ್ಕೂಗ್ ಮಾಧ್ಯಮ, ಲೀಟರ್‌ಗೆ 30 ಗ್ರಾಂ ಸಕ್ಕರೆ, 7ರಿಂದ 8 ಗ್ರಾಂ ಅಗಾರ್. ಪಿಎಚ್ 5.8ಕ್ಕೆ ಆಟೋಕ್ಲೇವ್‌ಗೆ ಮೊದಲೇ ತನ್ನಿ. 5ಕ್ಕಿಂತ ಕೆಳಗಿದ್ದರೆ ಅಗಾರ್ ಗಟ್ಟಿಯಾಗದು.

ಹಳದಿ ಪಟ್ಟಿಯ ಗಿಡ ಒಂದೇ ಬಗೆಯ ಕೋಶಗಳದ್ದಲ್ಲ. ಬೆಳೆಯುವ ತುದಿಯಲ್ಲಿ ಪದರಗಳಿವೆ, ಒಂದು ಪದರದಲ್ಲಿ ಹಸಿರು ಮಾಡಲಾಗದ ಕೋಶಗಳು, ಉಳಿದವುಗಳಲ್ಲಿ ಹಸಿರು ಮಾಡುವವು. ಎಲೆತುಂಡಿನಿಂದ ಹೊಸದಾಗಿ ಹುಟ್ಟುವ ಕುಡಿ ಸಾಮಾನ್ಯವಾಗಿ ಒಂದೇ ಪದರದಿಂದ ಬರುತ್ತದೆ. ಹಳದಿ ಅಂಚಿನ ಸ್ನೇಕ್ ಪ್ಲಾಂಟಿನ ಎಲೆ ಕತ್ತರಿಸಿ ನೆಟ್ಟರೆ ಲ್ಯಾಬ್ ಇಲ್ಲದೆಯೂ ಇದೇ ಆಗುತ್ತದೆ: ಮರಿಗಳು ಹಸಿರು. ಹೊಸ ಗಿಡ ಆ ಪದರದ ನಿಖರ ಕ್ಲೋನೇ. ನೀವು ಬಯಸಿದ್ದು ಪದರಗಳ ಜೋಡಣೆಯನ್ನು. ಅದು ಉಳಿಯಬೇಕಾದರೆ ಬುಡ ಸೀಳಿ, ಇಲ್ಲವೇ ಇರುವ ಮೊಗ್ಗನ್ನೇ ಬೆಳೆಸಿ. ಕ್ಯಾಲಸ್ ಎಂಬ ರೂಪವಿಲ್ಲದ ಕೋಶಗಡ್ಡೆಯ ಹಂತ ಬೇಡವೇ ಬೇಡ. ಬಾಳೆಯಂಥ ಗಿಡಗಳಲ್ಲೂ ಒಂದೇ ತಾಯಿತುಂಡಿನಿಂದ ಎಂಟು ಸುತ್ತಿನಾಚೆ ಮರಿ ಮಾಡಹೋದರೆ ಕುಳ್ಳು, ವಕ್ರ ಎಲೆಯ ಗಿಡಗಳು ಹೆಚ್ಚುತ್ತವೆ.

ಪ್ರಶ್ನೆ: ಮ್ಯಾಮತ್ ಆನೆಯನ್ನು ಕ್ಲೋನ್ ಮಾಡಿ ಮರಳಿ ತರಬಹುದೇ?

ಉತ್ತರ: ಡಾಲಿಯ ವಿಧಾನಕ್ಕೆ ಇಡೀ ಕೋಶಕೇಂದ್ರ ಬೇಕು. ಹಿಮದಲ್ಲಿ ಹೂತ ಮ್ಯಾಮತ್‌ನಲ್ಲಿ ಸಿಗುವುದು ಚೂರುಚೂರಾದ ಡಿಎನ್‌ಎ. ಆನೆಯ ಜೀನುಗಳನ್ನು ಮ್ಯಾಮತ್‌ನತ್ತ ತಿದ್ದುವ ಕೆಲಸ ನಡೆದಿದೆ, ಅದು ಬೇರೆ ವಿಷಯ, ಅದನ್ನು ಕ್ಲೋನ್ ಎನ್ನಲಾಗದು. ಪ್ರಾಣಿ ಬದುಕಿದ್ದಾಗಲೇ ಕೋಶಗಳನ್ನು ಶೈತ್ಯದಲ್ಲಿಟ್ಟಿದ್ದರೆ ಮಾತು ಬೇರೆ. ಪಿರನೀಸ್ ಪರ್ವತದ ಕಾಡುಮೇಕೆಯ ಕೊನೆಯ ಹೆಣ್ಣು 2000ದಲ್ಲಿ ಸತ್ತಿತು. ಉಳಿಸಿಟ್ಟ ಅದರ ಕೋಶದಿಂದ 2003ರಲ್ಲಿ ಮರಿ ಹುಟ್ಟಿತಾದರೂ ಶ್ವಾಸಕೋಶದ ದೋಷದಿಂದ ಕೆಲವೇ ನಿಮಿಷ ಬದುಕಿತು. ಬದುಕಿದ್ದರೂ ಜೊತೆಗೆ ಗಂಡೇ ಇರಲಿಲ್ಲ.

ಹೆಚ್ಚು ಉಪಯೋಗ ಕಾಣುತ್ತಿರುವುದು ಅಳಿವಿನಂಚಿನ ಪ್ರಾಣಿಗಳಲ್ಲಿ. ಅಮೆರಿಕದ ಕಪ್ಪುಕಾಲಿನ ಫೆರೆಟ್‌ಗಳೆಲ್ಲ (ಮುಂಗುಸಿಯನ್ನು ಹೋಲುವ ಪ್ರಾಣಿ) ಏಳೇ ಪ್ರಾಣಿಗಳ ಸಂತತಿ. ಆ ಏಳರಲ್ಲಿ ಸೇರದ ಒಂದು ಹೆಣ್ಣಿನಿಂದ 1988ರಲ್ಲಿ ಹೆಪ್ಪುಗಟ್ಟಿಸಿಟ್ಟ ಕೋಶಗಳಿಂದ 2020ರ ಡಿಸೆಂಬರ್ 10ರಂದು ಎಲಿಜಬೆತ್ ಆನ್ ಎಂಬ ಮರಿ ಹುಟ್ಟಿತು. ಅದೇ ಕೋಶಗಳ ಇನ್ನೊಂದು ಕ್ಲೋನ್ 2024ರಲ್ಲಿ ಮರಿ ಹಾಕಿತು. ಒಂದು ತೊಡಕಿದೆ: ಅಂಡಾಣು ಸಾಕು ಫೆರೆಟ್‌ನದಾದ್ದರಿಂದ ಕ್ಲೋನ್‌ನ ಮೈಟೊಕಾಂಡ್ರಿಯಾ (ತನ್ನದೇ ಡಿಎನ್‌ಎ ಇರುವ, ಕೋಶದ ಶಕ್ತಿಕೇಂದ್ರ) ಕೂಡ ಸಾಕು ಫೆರೆಟ್‌ನದೇ. ಅದು ತಾಯಿಯಿಂದ ಮಾತ್ರ ಇಳಿದುಬರುತ್ತದೆ. ಹಾಗಾಗಿ ಕ್ಲೋನ್‌ನ ಗಂಡುಮರಿಗಳನ್ನು ಕಪ್ಪುಕಾಲಿನ ಹೆಣ್ಣುಗಳೊಡನೆ ಕೂಡಿಸಿದರೆ, ಒಂದೇ ತಲೆಮಾರಿನಲ್ಲಿ ಆ ಬೆರಕೆ ಕಳಚಿಹೋಗಿ ಬೇಕಾದ ಜೀನುಗಳಷ್ಟೇ ಮುಂದೆ ಸಾಗುತ್ತವೆ.